ಡ್ಯೂಟಿ ಮುಗಿಸಿ ಹೊರಟವರ ಕೈಗೆ ಫಾರ್ಮ್ ಕೊಟ್ರೆ?

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ನರ್ಸಿಂಗ್ ಮಾಡ್ತಾ ಇದ್ದೇನೆ, ನೈಟ್ ಡ್ಯೂಟಿ ಮಾಡುವ ನರ್ಸುಗಳ ನಿದ್ದೆಯ ಬಗ್ಗೆ ಥೀಸಿಸ್. ಕಾಸರಗೋಡಿನ ಎರಡು ಆಸ್ಪತ್ರೆಯಲ್ಲಿ ಪರ್ಮಿಷನ್ ಸಿಕ್ಕಿದೆ, ಸಂಶೋಧನೆ ಸರಿಯಾದ ರೀತಿಯಲ್ಲಿ ನಡೀತದಾ ಅಂತ ನೋಡುವ ಎಥಿಕ್ಸ್ ಕಮಿಟಿದೂ ಆಯ್ತು, ಆದ್ರೆ ನರ್ಸುಗಳೇ ಸಿಗುದಿಲ್ಲ. ವಾಟ್ಸಾಪ್ ಗ್ರೂಪಿಗೆ ಗೂಗಲ್ ಫಾರ್ಮ್ ಹಾಕಿದೆ, ಎಲ್ಲರೂ ನೋಡಿ ಸುಮ್ಮನಾದ್ರು. ಸೂಪರಿಂಟೆಂಡೆಂಟ್ ಹತ್ರ ಹೇಳಿಸಿದ್ರೆ ಒಂದೇ ದಿನದಲ್ಲಿ ಆಗ್ತದೆ ಅಂತಾರೆ ಸೀನಿಯರ್. ಹೇಳಿಸ್ಲಾ?
- ಓದುಗಿ, ಬದಿಯಡ್ಕ

ಉತ್ತರ: ಬೇಡಮ್ಮ, ಅದೊಂದು ಮಾಡ್ಬೇಡಿ. ಆಸ್ಪತ್ರೆಯ ಪರ್ಮಿಷನ್ ಬೇರೆ, ಆ ನರ್ಸಿನ ಒಪ್ಪಿಗೆ ಬೇರೆ. ರಜೆ, ಡ್ಯೂಟಿ ಲಿಸ್ಟ್ ಎಲ್ಲ ಯಾರ ಕೈಯಲ್ಲುಂಟೋ ಅವರೇ ಎದುರು ನಿಂತು ತುಂಬಿಸಿ ಅಂದ್ರೆ ಆಗುದಿಲ್ಲ ಅಂತ ಯಾರು ಹೇಳ್ತಾರೆ? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ತಂದ ಮಾರ್ಗಸೂಚಿಯಲ್ಲಿ ಮೇಲಿನವರ ಕೈಕೆಳಗೆ ಕೆಲಸ ಮಾಡುವವರಿಗೆ ವಿಶೇಷ ರಕ್ಷಣೆ ಬೇಕು ಅಂತ ಇರುದು ಇದಕ್ಕೇ. ಮತ್ತೆ ಹಾಗೆ ಬಂದ ಉತ್ತರದಲ್ಲಿ ನಿಜ ಎಷ್ಟು ಇರ್ತದೆ, ಎಲ್ಲರೂ 'ಚೆನ್ನಾಗಿ ನಿದ್ದೆ ಬರ್ತದೆ' ಅಂತ ಬರೆದು ಕೊಟ್ಟುಬಿಡ್ತಾರೆ.

ನರ್ಸುಗಳಿಗೆ ರಿಸರ್ಚ್ ಅಂದ್ರೆ ಇಷ್ಟ ಇಲ್ಲ ಅಂತ ಮಾತ್ರ ತಿಳ್ಕೊಳ್ಬೇಡಿ. ಅಮೆರಿಕದಲ್ಲಿ 1976ರಲ್ಲಿ ನರ್ಸಸ್ ಹೆಲ್ತ್ ಸ್ಟಡಿ ಶುರುವಾದಾಗ 1,21,700 ನರ್ಸುಗಳು ಅಂಚೆಯಲ್ಲಿ ಬಂದ ಫಾರ್ಮ್ ತುಂಬಿಸಿ ಕಳಿಸಿದ್ರು, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ದಶಕಗಟ್ಟಲೆ ಕಳಿಸ್ತಾ ಬಂದ್ರು, ಅದೂ ಸಂಬಳ ಇಲ್ಲದೆ. ಗರ್ಭನಿರೋಧಕ ಮಾತ್ರೆಯ ಪರಿಣಾಮ ನೋಡ್ಲಿಕ್ಕೆ ಶುರು ಮಾಡಿದ್ದು ಅದು, ಮುಂದೆ ನೈಟ್ ಡ್ಯೂಟಿಗೂ ಸ್ತನ ಕ್ಯಾನ್ಸರಿಗೂ ಸಂಬಂಧ ಉಂಟಾ ಅನ್ನುವ ಪ್ರಶ್ನೆಯನ್ನೂ ಅದರಲ್ಲೇ ನೋಡಿದ್ರು. ನಿಮ್ಮದೇ ವಿಷಯ ನೋಡಿ! ಅಲ್ಲಿ ತಿಳಿದು ಬಂದದ್ದನ್ನು ಭಾಗವಹಿಸಿದವರಿಗೆ ನ್ಯೂಸ್‌ಲೆಟರಿನಲ್ಲಿ ಕಳಿಸ್ತಾರೆ. ನಮ್ಮಲ್ಲಿ ಫಾರ್ಮ್ ತಗೊಂಡು ಹೋದವರು ರಿಸಲ್ಟ್ ಹೇಳ್ಲಿಕ್ಕೆ ತಿರುಗಿ ಬರುದೇ ಇಲ್ಲ, ನನಗೆ ದೊಡ್ಡ ಬೇಸರ ಅದೇ. ನೀವು ಮೊದಲೇ ಹೇಳಿ, ಥೀಸಿಸ್ ಮುಗಿದ ಮೇಲೆ ಬಂದು ಹೇಳ್ತೇನೆ ಅಂತ, ಹೇಳಿದ ಹಾಗೆ ಹೋಗಿ ಕೂಡ.

ಡ್ಯೂಟಿ ಮುಗಿಸಿ ಮುಂದಿನವರಿಗೆ ಒಪ್ಪಿಸುವ ಹ್ಯಾಂಡೋವರ್ ಟೈಮಲ್ಲಿ ಯಾರನ್ನೂ ನಿಲ್ಲಿಸ್ಬೇಡಿ. ನೈಟ್ ಮುಗಿಸಿದವರಿಗೆ ಕುಂಬಳೆಗೋ ಮುಳ್ಳೇರಿಯಕ್ಕೋ ಹೋಗುವ ಬಸ್ಸು ಹಿಡೀಬೇಕು, ಮನೆಯಲ್ಲಿ ಮಕ್ಕಳನ್ನು ಶಾಲೆಗೆ ಹೊರಡಿಸ್ಬೇಕು, ಆಗ ನಾಲ್ಕು ಪೇಜಿನ ಫಾರ್ಮ್ ಕೊಟ್ರೆ ಎಂತ ಮಾಡುದು ಅವರು? ಮನೆಗೆ ಕೊಟ್ಟು ಕಳಿಸಿ, ಅಂಟಿಸಿದ ಕವರಲ್ಲಿ ವಾಪಸ್ ಹಾಕ್ಲಿಕ್ಕೆ ಒಂದು ಪೆಟ್ಟಿಗೆ ಇಡಿ, ಕೀಲಿ ನಿಮ್ಮ ಹತ್ರವೇ ಇರ್ಲಿ. ಇಲ್ಲೊಂದು ಅಪಾಯ ಉಂಟು. ತೀರಾ ಸುಸ್ತಾದವರೇ ಫಾರ್ಮ್ ಬಿಟ್ಟುಬಿಡುದು, ಆಗ ಆರಾಮ ಇದ್ದವರ ಉತ್ತರ ಮಾತ್ರ ಉಳಿದು 'ನೈಟ್ ಡ್ಯೂಟಿಯಿಂದ ತೊಂದರೆ ಏನಿಲ್ಲ' ಅಂತ ನಿಮ್ಮ ಥೀಸಿಸ್ ಹೇಳಿಬಿಟ್ರೆ ಅದು ಆ ನರ್ಸುಗಳಿಗೇ ಅನ್ಯಾಯ.

ಪ್ರಶ್ನೆಗಳನ್ನೂ ಒಮ್ಮೆ ನೋಡಿ. ನಿದ್ದೆ ಅಳೆಯುವ ಪಿಟ್ಸ್‌ಬರ್ಗ್ ಪ್ರಶ್ನಾವಳಿಯಲ್ಲಿ ಕಳೆದ ತಿಂಗಳು ಸಾಮಾನ್ಯವಾಗಿ ರಾತ್ರಿ ಎಷ್ಟು ಗಂಟೆಗೆ ಮಲಗಿದ್ರಿ ಅಂತ ಕೇಳ್ತಾರೆ. ವಾರ ವಾರ ಶಿಫ್ಟ್ ಬದಲಾಗುವವರು ಅದಕ್ಕೆ ಎಂತ ಬರೀಬೇಕು? ಗೈಡ್ ಹತ್ರ ಮಾತಾಡಿ. ಹೆಸರು ಬೇಡ ಅಂದ್ರೂ ವಾರ್ಡು, ವಯಸ್ಸು, ಸರ್ವೀಸ್ ಎಲ್ಲ ಕೇಳಿದ್ರೆ ಐದಾರು ಜನರ ಐಸಿಯುವಿನಲ್ಲಿ ಇದು ಯಾರದ್ದು ಅಂತ ಗೊತ್ತಾಗಿಬಿಡ್ತದೆ, ಬೇಕಾದ್ದು ಮಾತ್ರ ಕೇಳಿ. ಫಾರ್ಮ್ ಮಲಯಾಳದಲ್ಲೂ ಕನ್ನಡದಲ್ಲೂ ಇರ್ಲಿ. ಯಾವ ಬದಲಾವಣೆ ಮಾಡಿದ್ರೂ ಎಥಿಕ್ಸ್ ಕಮಿಟಿಗೆ ತಿಳಿಸಿ ಒಪ್ಪಿಗೆ ತಗೊಂಡೇ ಮುಂದೆ ಹೋಗಿ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಯಾವುದೋ ಸ್ಟಡಿಗೆ ಎಲ್ಲರೂ ರಕ್ತ ಕೊಡ್ಬೇಕು ಅಂತ ಇನ್‌ಚಾರ್ಜ್ ಸಿಸ್ಟರ್ ಹೇಳಿದ್ದಾರೆ. ಕೊಡದಿದ್ರೆ ಕೆಲಸಕ್ಕೆ ತೊಂದರೆ ಆಗ್ತದಾ?
- ಓದುಗಿ, ಮಂಜೇಶ್ವರ

ಉತ್ತರ: ಕೊಡ್ಲೇಬೇಕು ಅಂತ ಇಲ್ಲ, ಕೊಡದ್ದಕ್ಕೆ ನಿಮ್ಮ ಕೆಲಸಕ್ಕೆ ತೊಂದರೆ ಮಾಡುವ ಹಾಗೂ ಇಲ್ಲ. ಒಪ್ಪಿದ ಮೇಲೆ ನಡುವಲ್ಲಿ ಬಿಟ್ಟು ಬರ್ಲಿಕ್ಕೂ ಆಗ್ತದೆ. ಮೊದಲು ಮಾಹಿತಿ ಪತ್ರ ಕೇಳಿ, ರಕ್ತ ಎಂತಕ್ಕೆ, ಎಷ್ಟು ಕಾಲ ಇಡ್ತಾರೆ, ರಿಪೋರ್ಟ್ ನಿಮಗೆ ಸಿಗ್ತದಾ, ಇನ್‌ಚಾರ್ಜಿಗೂ ಹೋಗ್ತದಾ ಅಂತ ವಿಚಾರಿಸಿ. ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಅದರಲ್ಲೇ ಇರ್ಬೇಕು, ಒತ್ತಾಯ ಮಾಡಿದ್ರೆ ಆ ನಂಬರಿಗೆ ಫೋನ್ ಮಾಡಿ.