ಭಾವನೆಗಳ ಮೇಲೆ ಫೀಲ್ಡ್‌ವರ್ಕ್ ಮಾಡಬಹುದಾ?

ನಗು, ಸಿಟ್ಟು ಎಲ್ಲ ಮನಶ್ಶಾಸ್ತ್ರದ ವಿಷಯ ಅಲ್ವಾ, ಸಮಾಜಶಾಸ್ತ್ರದವರಿಗೆ ಅಲ್ಲೇನು ಕೆಲಸ ಎಂದು ಕೇಳಿದ್ದೀರಿ. ಕೆಲಸ ಜಾಸ್ತಿಯೇ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಇಡೀ ವೃತ್ತಿಜೀವನ ಇದರಲ್ಲೇ ಕಳೆದವರು. ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ಗಗನಸಖಿಯರ ತರಬೇತಿ ನಡೆಯುವ ಕಡೆ ಹೋಗಿ ಕೂತರು, ಸಾಲ ವಸೂಲಿ ಮಾಡುವವರನ್ನೂ ಮಾತಾಡಿಸಿದರು. ಒಬ್ಬರಿಗೆ ನಗುವುದು ಕೆಲಸ, ಇನ್ನೊಬ್ಬರಿಗೆ ಗದರುವುದು, ಎರಡಕ್ಕೂ ಸಂಬಳ. ಅದರಿಂದ 1983ರಲ್ಲಿ ‘ದಿ ಮ್ಯಾನೇಜ್ಡ್ ಹಾರ್ಟ್’ ಪುಸ್ತಕ ಬಂತು. ಆಮೇಲೆ ಇಬ್ಬರೂ ದುಡಿಯುವ ದಂಪತಿಗಳ ಮನೆಗಳಿಗೆ ಹೋಗಿ ಮನೆಕೆಲಸ ಯಾರ ತಲೆ ಮೇಲೆ ಬೀಳುತ್ತದೆ ಎಂದು ನೋಡಿದರು. 2016ರ ಪುಸ್ತಕಕ್ಕಾಗಿ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ, ತಮ್ಮ ರಾಜಕೀಯ ಒಪ್ಪದವರ ನಡುವೆ ವರ್ಷಗಟ್ಟಲೆ ಓಡಾಡಿದರು. ನನಗೆ ಇದೇ ಅವರ ದೊಡ್ಡ ಕೆಲಸ ಅನಿಸುತ್ತದೆ.

ಚಿಕ್ಕಮಗಳೂರಿನಲ್ಲಿ ಓದುತ್ತಿದ್ದೇನೆ ಅಂದಿರಿ. ಹಾಗಿದ್ದರೆ ಹೋಂಸ್ಟೇ ನೋಡಿ. ಬೆಳಗ್ಗೆಯಿಂದ ದುಡಿದು, ರಾತ್ರಿ ಹೊತ್ತುಮೀರಿ ಬಂದ ಗೆಸ್ಟುಗಳಿಗೆ ನಗುತ್ತಲೇ ಕಡುಬು ಬಡಿಸುವ ಹೆಂಗಸಿನ ಆ ನಗುವೂ ದುಡಿಮೆಯೇ. ಆದರೆ ಫಾರಂ ಹಿಡಿದು ಹೋಗಿ “ಅಕ್ಕಾ, ನಿಮಗೆ ಬೇಜಾರಾಗುತ್ತಾ?” ಎಂದು ಕೇಳಿದರೆ “ಇಲ್ಲಪ್ಪ” ಅಂತಾರೆ, ಅಷ್ಟೇ. ಮಳೆಗಾಲದ ವಾರದ ದಿನ ಹೋಗಿ, ಮಾಲೀಕರು ಇಲ್ಲದಾಗ, ಸುಮ್ನೆ ಪಾತ್ರೆ ಒರೆಸುತ್ತಾ “ಮೊನ್ನೆ ಬಂದವರು ಹೇಗಿದ್ರು?” ಎಂದು ಶುರುಮಾಡಿ. ಅಧ್ಯಯನಕ್ಕೆ ಬಂದಿದ್ದೇನೆ ಎಂದು ಮೊದಲೇ ಹೇಳಿರಬೇಕು, ಹೆಸರು ಬರೆಯಬಾರದು.

ಟಿಪ್ಪಣಿ ಅದೇ ರಾತ್ರಿ ಬರೆದು, ಪ್ರತಿಯನ್ನು ಬೇರೆ ಕಡೆ ಇಡಿ. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಒಂದೇ ಕೋಣೆಯಲ್ಲಿದ್ದು 1970ರಲ್ಲಿ ಬೆಂಕಿಗೆ ಹೋದವು.