ಊರು ಬದಲಿಸುವಾಗ ಬಡಾವಣೆ ಆರಿಸುವುದು ಹೇಗೆ?

ಪ್ರಶ್ನೆ: ನಾವು ಹನ್ನೆರಡು ವರ್ಷಗಳಿಂದ ದಾವಣಗೆರೆಯಲ್ಲಿದ್ದೇವೆ. ನನ್ನ ಪತಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ್ದು, ಬೇಸಿಗೆ ರಜೆಯಲ್ಲಿ ಮನೆ ಬದಲಿಸಬೇಕಾಗಿದೆ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ, ಮಗನಿಗೆ ಆರು ವರ್ಷ. ಜೊತೆಯಲ್ಲಿರುವ ಅತ್ತೆಯವರಿಗೆ 72 ವರ್ಷ, ಮಂಡಿನೋವಿದೆ. ಪತಿಯ ಸಹೋದ್ಯೋಗಿಗಳು ಕಚೇರಿಯ ಹತ್ತಿರವೇ ಮನೆ ಮಾಡಿ ಎನ್ನುತ್ತಾರೆ. ಸಂಬಂಧಿಕರು ಜಯನಗರ, ಬಸವನಗುಡಿ ಬಿಟ್ಟು ಬೇರೆ ಕಡೆ ಹೋಗಲೇಬೇಡಿ ಎನ್ನುತ್ತಾರೆ. ಮದುವೆಗೋ ಆಸ್ಪತ್ರೆಗೋ ಬಂದುಹೋದಷ್ಟೇ ನಮಗೆ ಬೆಂಗಳೂರಿನ ಪರಿಚಯ. ನಮ್ಮಂಥ ಸಂಸಾರಕ್ಕೆ ಯಾವ ಬಡಾವಣೆ ಹೊಂದುತ್ತದೆ?
ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಮನೆಯಲ್ಲಿ ಐದು ಜನರಿದ್ದೀರಿ. ಸಹೋದ್ಯೋಗಿಗಳು ಅವರಲ್ಲಿ ಒಬ್ಬರ ಓಡಾಟವನ್ನು ನೋಡಿ ಸಲಹೆ ಕೊಟ್ಟಿದ್ದಾರೆ, ಸಂಬಂಧಿಕರು ಬಡಾವಣೆಯ ಹೆಸರನ್ನು ನೋಡಿ ಕೊಟ್ಟಿದ್ದಾರೆ. ಹಗಲೆಲ್ಲ ಅದೇ ಬೀದಿಯಲ್ಲಿ ಬಾಳಬೇಕಾದ ಉಳಿದ ನಾಲ್ವರ ಕಾಲಿಗೆ ಎಟುಕುವ ಜಾಗವನ್ನು ಹುಡುಕಿ ಎಂಬುದು ನನ್ನ ಸಲಹೆ. ಶಾಲೆ, ಹಾಲಿನ ಬೂತು, ಔಷಧಿ ಅಂಗಡಿ, ಪಾರ್ಕು, ಬಸ್ ನಿಲ್ದಾಣ ಇವೆಲ್ಲ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿ ಸಿಗುವುದಾದರೆ, ನಿಮ್ಮ ಪತಿಯವರು ದಿನಕ್ಕೆ ಅರ್ಧ ಗಂಟೆ ಹೆಚ್ಚು ಪ್ರಯಾಣ ಮಾಡಿದರೂ ಸಂಸಾರ ನೆಮ್ಮದಿಯಾಗಿ ಸಾಗುತ್ತದೆ. ಕಚೇರಿ ಮಾತ್ರ ಹತ್ತಿರವಿದ್ದು ಉಳಿದದ್ದೆಲ್ಲ ದೂರವಾದರೆ, ಕೊತ್ತಂಬರಿ ಸೊಪ್ಪಿಗೂ ಆಟೊ ಹಿಡಿಯಬೇಕಾದ ಸ್ಥಿತಿ ಬರುತ್ತದೆ; ಅತ್ತೆಯವರಂತೂ ಮನೆಯೊಳಗೇ ಉಳಿದುಬಿಡುತ್ತಾರೆ.

ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿ ವಾಹನ ದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವುದೇ ದಿನದ ದೊಡ್ಡ ಕೆಲಸವಾಗಿದ್ದ ಕಾಲದಲ್ಲಿ ಈ ಮಾತನ್ನು ಇಷ್ಟು ಧೈರ್ಯವಾಗಿ ಹೇಳಲು ಬರುತ್ತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೊದ ಹಳದಿ ಮಾರ್ಗ ಆರಂಭವಾದ ಮೇಲೆ ಲೆಕ್ಕ ಬದಲಾಗಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೋಮೀಟರ್ ಸಾಗುವ ಈ ಮಾರ್ಗದಲ್ಲಿ 16 ನಿಲ್ದಾಣಗಳಿದ್ದು, ಎಲೆಕ್ಟ್ರಾನಿಕ್ ಸಿಟಿಯೂ ಅವುಗಳಲ್ಲೊಂದು. ಆರ್.ವಿ. ರಸ್ತೆಯಲ್ಲಿ ಅದು ಹಸಿರು ಮಾರ್ಗವನ್ನು ಕೂಡುವುದರಿಂದ ಜಯನಗರ, ಬನಶಂಕರಿ, ಜೆ.ಪಿ. ನಗರ, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್ ಈ ಯಾವ ನಿಲ್ದಾಣದಲ್ಲಿ ಹತ್ತಿದರೂ ಒಂದೇ ಕಡೆ ರೈಲು ಬದಲಿಸಿ ಕಚೇರಿಯತ್ತ ಹೋಗಬಹುದು. ಆರಂಭದಲ್ಲಿ ಹಳದಿ ಮಾರ್ಗದಲ್ಲಿ 25 ನಿಮಿಷಕ್ಕೊಂದು ರೈಲು ಮಾತ್ರ ಓಡುತ್ತಿತ್ತು. ಆದ್ದರಿಂದ ಮನೆ ಒಪ್ಪಿಕೊಳ್ಳುವ ಮೊದಲು ಪತಿಯವರು ಒಂದು ಕೆಲಸದ ದಿನ ಬೆಳಿಗ್ಗೆ, ಕಚೇರಿಗೆ ಹೋಗುವ ಹೊತ್ತಿಗೇ, ಗಡಿಯಾರ ನೋಡಿಕೊಂಡು ಆ ದಾರಿಯಲ್ಲಿ ಒಮ್ಮೆ ಹೋಗಿಬರಲಿ.

ಸಂಬಂಧಿಕರ ಮಾತಿನಲ್ಲೂ ಹುರುಳಿದೆ. ಬಸವನಗುಡಿ 1890ರ ದಶಕದಲ್ಲಿ, ಜಯನಗರ 1940ರ ದಶಕದ ಕೊನೆಯಲ್ಲಿ, ರಸ್ತೆ, ಉದ್ಯಾನ, ಮಾರುಕಟ್ಟೆಗಳಿಗೆ ಜಾಗ ಗುರುತಿಸಿ ಕಟ್ಟಿದ ಬಡಾವಣೆಗಳು. ಅಲ್ಲಿ ಮೇನ್ ಮತ್ತು ಕ್ರಾಸ್‌ಗಳ ಲೆಕ್ಕ ತಿಳಿದರೆ ದಾರಿ ತಪ್ಪುವುದಿಲ್ಲ, ಮರಗಳ ನೆರಳಿದೆ, ನಡೆದುಹೋದರೆ ತರಕಾರಿ ಸಿಗುತ್ತದೆ. ಆದರೆ ಬಾಡಿಗೆ ನಿಮ್ಮ ಊರಿನ ಬಾಡಿಗೆಯ ಹಲವು ಪಟ್ಟು ಇರುತ್ತದೆ. ಹೆಸರಿಗಾಗಿ ಗಾಳಿ ಬೆಳಕಿಲ್ಲದ ಹಿಂಬದಿಯ ಮನೆಯನ್ನು ಹಿಡಿಯುವುದಕ್ಕಿಂತ ಬನಶಂಕರಿ ಎರಡನೆಯ ಅಥವಾ ಮೂರನೆಯ ಹಂತ, ಪದ್ಮನಾಭನಗರ, ಕುಮಾರಸ್ವಾಮಿ ಬಡಾವಣೆ, ಜೆ.ಪಿ. ನಗರದ ಒಳಭಾಗಗಳನ್ನು ನೋಡುವುದು ಮೇಲು. ಮೂಳೆ ಚಿಕಿತ್ಸೆಯ ಸಂಜಯ್ ಗಾಂಧಿ ಆಸ್ಪತ್ರೆ, ಜಯನಗರದ ಸಾರ್ವಜನಿಕ ಆಸ್ಪತ್ರೆ, ಹೃದ್ರೋಗದ ಜಯದೇವ ಆಸ್ಪತ್ರೆ ಮೂರೂ ಇದೇ ದಕ್ಷಿಣ ಭಾಗದಲ್ಲಿವೆ. ಹಿರಿಯರಿರುವ ಮನೆಗೆ ಇದು ಸಣ್ಣ ಮಾತಲ್ಲ.

ಇನ್ನು ನೀರು. ಬೆಂಗಳೂರಿನಲ್ಲಿ ಮನೆ ನೋಡುವಾಗ ಎಲ್ಲರೂ ‘ಕಾವೇರಿ ನೀರು ಇದೆಯೇ’ ಎಂದು ಕೇಳುತ್ತಾರೆ, ಎಲ್ಲ ಮಾಲೀಕರೂ ‘ಇದೆ’ ಎನ್ನುತ್ತಾರೆ. ನೀವು ಕೇಳಬೇಕಾದದ್ದು ವಾರಕ್ಕೆ ಎಷ್ಟು ದಿನ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಸಂಪು ಎಷ್ಟು ಲೀಟರಿನದು, ಆ ಸಂಪನ್ನು ಎಷ್ಟು ಮನೆಗಳು ಹಂಚಿಕೊಂಡಿವೆ ಮತ್ತು ಕಳೆದ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದ್ದರು ಎಂಬುದನ್ನು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ನೀರು ಕೊಡಲೆಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಷ್ಟೇ ಉದ್ಘಾಟನೆಯಾಯಿತು. ದೊಡ್ಡ ಕೊಳವೆ ಊರಿಗೆ ಬಂದಿತೆಂದ ಮಾತ್ರಕ್ಕೆ ನೀವು ನೋಡುವ ಮನೆಯ ನಲ್ಲಿಗೆ ನೀರು ಬಂದಿದೆಯೆಂದು ಭಾವಿಸಬಾರದು, ಮನೆಗೆ ಸಂಪರ್ಕ ಪಡೆದಿರಬೇಕು. ಮನೆಯೊಳಗೆ ಹೋದಾಗ ಬಚ್ಚಲಿನ ನಲ್ಲಿಯನ್ನು ಹತ್ತಿರದಿಂದ ನೋಡಿ. ಸ್ಟೀಲಿನ ಮೇಲೆ ಉಗುರಿನಿಂದ ಕೆರೆದರೂ ಹೋಗದ ಬಿಳಿ ಹೊಪ್ಪಳೆ ಕಟ್ಟಿದ್ದರೆ ಅಲ್ಲಿ ಬರುತ್ತಿರುವುದು ಬೋರ್‌ವೆಲ್‌ನ ಗಡಸು ನೀರು.

ನಾವು ಸಾಗರದಿಂದ ಬೆಂಗಳೂರಿಗೆ ಬಂದಾಗ ಈ ವಿಷಯದಲ್ಲಿ ನಾನೇ ಎಡವಿದ್ದೆ. ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮನೆ ನೋಡಿ, ಬೀದಿ ಎಷ್ಟು ಶಾಂತವಾಗಿದೆ ಎಂದು ಮೆಚ್ಚಿ, ಅಂದೇ ಮುಂಗಡ ಕೊಟ್ಟೆವು. ಆ ಬೀದಿಯ ಪ್ರತಿ ಮನೆಯ ಮುಂದೆಯೂ ಎರಡೆರಡು ನೀಲಿ ಡ್ರಮ್ ಇದ್ದದ್ದು ಕಣ್ಣಿಗೆ ಬಿದ್ದಿತ್ತು, ಅದರ ಅರ್ಥ ಮಾತ್ರ ತಲೆಗೆ ಹೋಗಿರಲಿಲ್ಲ. ಮಾರ್ಚ್ ಬಂದಾಗ ಮೂರನೆಯ ಡ್ರಮ್ ಕೊಂಡವರು ನಾವು. ಸೋಮವಾರ ಬೆಳಿಗ್ಗೆ ಏಳೂವರೆಗೆ ಅದೇ ಶಾಂತ ಬೀದಿ ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸುವ ವಾಹನಗಳಿಗೆಲ್ಲ ಒಳದಾರಿಯಾಗುತ್ತಿತ್ತು. ನಾಲ್ಕು ವರ್ಷದ ಮಗನ ಕೈ ಬಿಟ್ಟು ಗೇಟಿನಾಚೆ ಹೆಜ್ಜೆ ಇಡುವಂತಿರಲಿಲ್ಲ. ಹೀಗಾಗಿ ನಿಮಗೆ ಒತ್ತಿ ಹೇಳುತ್ತೇನೆ: ಕೆಲಸದ ದಿನ ಶಾಲೆಗೆ ಹೊರಡುವ ಹೊತ್ತಿನಲ್ಲೊಮ್ಮೆ, ಸಂಜೆ ಕತ್ತಲಾದ ಮೇಲೊಮ್ಮೆ, ಸಾಧ್ಯವಾದರೆ ಜೋರು ಮಳೆ ಬಂದ ಮರುದಿನವೊಮ್ಮೆ ಅದೇ ಬೀದಿಯನ್ನು ನೋಡಿ ಬನ್ನಿ.

ಮಳೆಯ ಮಾತು ಏಕೆಂದರೆ, ಬೆಂಗಳೂರಿನ ಕೆರೆಗಳನ್ನು ಒಂದಕ್ಕೊಂದು ಕೂಡಿಸುವ ರಾಜಕಾಲುವೆಗಳ ಅಕ್ಕಪಕ್ಕ, ಕೆಲವೆಡೆ ಅವುಗಳ ಮೇಲೆಯೇ, ಮನೆಗಳು ಎದ್ದಿವೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆಯ ಜನ ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಮನೆಯಿಂದ ಹೊರಬಂದದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಮನೆಯ ನೆಲ ರಸ್ತೆಗಿಂತ ತಗ್ಗಿನಲ್ಲಿದೆಯೇ, ಕಾಂಪೌಂಡ್ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ತೇವದ ಗೆರೆ ಇದೆಯೇ, ನೆರೆಮನೆಯವರು ಗೇಟಿಗೆ ಅಡ್ಡಲಾಗಿ ಹೊಸದಾಗಿ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದಾರೆಯೇ ಎಂದು ಗಮನಿಸಿ. ಮಾಲೀಕರು ಹೇಳದಿರುವುದನ್ನು ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವವರು ಹೇಳುತ್ತಾರೆ. ಯಾವ ಮನೆಯಲ್ಲಿ ವರ್ಷಕ್ಕೊಬ್ಬ ಬಾಡಿಗೆದಾರ ಬದಲಾಗುತ್ತಾನೆ, ರಾತ್ರಿ ಹತ್ತರ ಮೇಲೆ ಬೀದಿ ಹೇಗಿರುತ್ತದೆ, ಬೀದಿಗೆ ನೀರು ಯಾವಾಗ ಬಿಡುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ.

ಮಗಳ ವಿಷಯದಲ್ಲಿ ನಿಮಗೆ ಕಾಲ ಕೂಡಿಬಂದಿದೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಎಂಟನೆಯ ತರಗತಿಯಿಂದ ಆರಂಭವಾಗುವುದರಿಂದ, ಹೊಸ ಶಾಲೆಗೆ ಬಂದವಳು ಅವಳೊಬ್ಬಳೇ ಆಗಿರುವುದಿಲ್ಲ. ಬಸವನಗುಡಿ, ಜಯನಗರದ ಕಡೆ ಹಳೆಯ ಅನುದಾನಿತ ಶಾಲೆಗಳಿವೆ. ಕನ್ನಡ ಮಾಧ್ಯಮದ ಪ್ರೌಢ ವಿಭಾಗ ಈಗಲೂ ನಡೆಯುತ್ತಿದೆಯೇ ಎಂದು ಖುದ್ದಾಗಿ ಹೋಗಿ ವಿಚಾರಿಸಿ, ಫೋನಿನ ಉತ್ತರವನ್ನು ನೆಚ್ಚಬೇಡಿ. ಶಾಲೆ ಗೊತ್ತಾದ ಮೇಲೆ ಅದರ ಸುತ್ತ ಮನೆ ಹುಡುಕಿ. ಅನೇಕರು ಮೊದಲು ಮನೆ ಹಿಡಿದು ಆಮೇಲೆ ಶಾಲೆಗೆ ಅಲೆದು, ಕೊನೆಗೆ ಮಕ್ಕಳನ್ನು ದಿನಕ್ಕೆರಡು ಗಂಟೆ ವ್ಯಾನಿನಲ್ಲಿ ಕೂರಿಸುತ್ತಾರೆ. ದಾವಣಗೆರೆ ಬಿಡುವ ಮೊದಲು ಮಗಳ ವರ್ಗಾವಣೆ ಪತ್ರದಲ್ಲಿ ಹೆಸರು, ಜನ್ಮದಿನಾಂಕ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ) ಸರಿಯಾಗಿವೆಯೇ ಎಂದು ನೋಡಿಕೊಳ್ಳಿ. ತಪ್ಪಿದ್ದರೆ ತಿದ್ದಿಸಲು ಮತ್ತೆ ಅಲ್ಲಿಗೇ ಹೋಗಬೇಕಾಗುತ್ತದೆ.

ಅತ್ತೆಯವರಿಗಾಗಿ ನೆಲಮಹಡಿಯ ಮನೆ, ಇಲ್ಲವೇ ಲಿಫ್ಟ್ ಇರುವ ಕಟ್ಟಡ ಆಗಲೇಬೇಕು. ಆಯ್ಕೆ ಎರಡು ಮನೆಗಳಿಗೆ ಇಳಿದಾಗ ಅವರನ್ನೂ ಕರೆದುಕೊಂಡು ಬನ್ನಿ, ಮನೆಯ ಬಾಗಿಲಿನಿಂದ ಪಾರ್ಕಿನ ಬೆಂಚಿನವರೆಗೆ ಅವರ ನಡಿಗೆಯಲ್ಲೇ ಜೊತೆಗೆ ನಡೆಯಿರಿ. ಪಾದಚಾರಿ ಮಾರ್ಗದ ಚಪ್ಪಡಿ ಅಲುಗಾಡುತ್ತದೆಯೇ, ನಡುವೆ ಟ್ರಾನ್ಸ್‌ಫಾರ್ಮರ್ ಬಂದು ರಸ್ತೆಗೆ ಇಳಿಯಬೇಕಾಗುತ್ತದೆಯೇ, ಇಳಿಯುವ ಮೆಟ್ಟಿಲು ಅವರ ಮಂಡಿಗೆ ಎತ್ತರವಾಗುತ್ತದೆಯೇ ಎಂಬುದು ಆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿಯಿಂದ ವೈಟ್‌ಫೀಲ್ಡ್ ಕಡೆಗೆ ಕೆಲಸಕ್ಕೆ ಬರುತ್ತಿದ್ದೇವೆ. ಮಗಳಿಗೆ ಐದು ವರ್ಷ. ಭದ್ರತೆಯಿರುವ ದೊಡ್ಡ ಅಪಾರ್ಟ್‌ಮೆಂಟೇ ಒಳ್ಳೆಯದೆಂದು ಸ್ನೇಹಿತರು ಹೇಳುತ್ತಾರೆ. ಅಲ್ಲಿ ಬೆಳೆದರೆ ಮಗು ಕನ್ನಡವನ್ನೇ ಮರೆತೀತು ಎಂಬ ಆತಂಕ ನಮ್ಮದು.
ಓದುಗರು, ಹುಬ್ಬಳ್ಳಿ

ಉತ್ತರ: ಹಗಲು ಮನೆಯಲ್ಲಿ ಹಿರಿಯರಿಲ್ಲದ ನಿಮ್ಮಂಥವರಿಗೆ ಅಪಾರ್ಟ್‌ಮೆಂಟಿನಿಂದ ನಿಜವಾದ ಅನುಕೂಲವಿದೆ. ಆವರಣದೊಳಗೇ ಶಿಶುಪಾಲನಾ ಕೇಂದ್ರವಿದ್ದು, ಸಂಜೆ ವಾಹನಗಳ ಭಯವಿಲ್ಲದೆ ಮಗು ಆಡುವಂತಿದ್ದರೆ ಅದನ್ನು ಬಿಡಬೇಡಿ. ಆದರೆ ಭದ್ರತಾ ಸಿಬ್ಬಂದಿಯ ಸಮವಸ್ತ್ರ ನೋಡಿ ಒಪ್ಪಿಕೊಳ್ಳದೆ ಸಂಜೆ ಐದೂವರೆಯಿಂದ ಏಳರವರೆಗೆ ಆವರಣದಲ್ಲಿ ಕುಳಿತು ನೋಡಿ. ಮಕ್ಕಳು ಕೆಳಗಿಳಿದು ಆಡುತ್ತಾರೆಯೇ, ಆಟದ ಜಾಗದಲ್ಲಿ ಕಾರುಗಳು ನಿಂತಿವೆಯೇ, ಕೊಳಚೆ ನೀರು ಶುದ್ಧೀಕರಣ ಘಟಕದ ವಾಸನೆ ನೀವು ನೋಡಿದ ಮನೆಯ ಬಾಲ್ಕನಿಗೆ ಬಡಿಯುತ್ತದೆಯೇ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ. ನಿರ್ವಹಣಾ ವೆಚ್ಚದಲ್ಲಿ ಟ್ಯಾಂಕರ್ ನೀರಿನ ಪಾಲೆಷ್ಟು ಎಂದು ನಿವಾಸಿಗಳ ಸಂಘದವರನ್ನು ಕೇಳಿ. ನೀರಿನ ಅಭಾವ ತೀವ್ರವಾಗಿದ್ದ 2024ರ ಬೇಸಿಗೆಯಲ್ಲಿ ಆ ಸಮುಚ್ಚಯದಲ್ಲಿ ನೀರನ್ನು ಹೇಗೆ ಹಂಚಿದರು ಎಂಬ ಪ್ರಶ್ನೆಗೆ ಬರುವ ಉತ್ತರ ಬಹಳಷ್ಟನ್ನು ತಿಳಿಸುತ್ತದೆ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್ ನಿಲ್ದಾಣದವರೆಗೆ ಪೂರ್ಣವಾಗಿ ಓಡುತ್ತಿರುವುದರಿಂದ ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರ ಮನೆ ಹಿಡಿಯುವುದು ಲೇಸು.

ಕನ್ನಡದ ಬಗ್ಗೆ ನಿಮಗಿರುವ ಆತಂಕ ನನ್ನದೂ ಹೌದು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ನೀವು ನೋಡುವ ಶಾಲೆಯಲ್ಲಿ ಇದು ವಾರಕ್ಕೆ ಎಷ್ಟು ಪಿರಿಯಡ್‌ಗಳಾಗಿ ಇಳಿದಿದೆ, ಕಲಿಸುವ ಶಿಕ್ಷಕರು ಯಾರು ಎಂದು ಪ್ರವೇಶದ ದಿನವೇ ಕೇಳಿ. ಮಗುವಿನ ಬಾಯಲ್ಲಿ ಭಾಷೆ ಉಳಿಯುವುದು ಮಾತ್ರ ಆಟದಲ್ಲಿ. ಕನ್ನಡ ಮಾತಾಡುವ ಎರಡು ಮೂರು ಮನೆಗಳು ಅದೇ ಸಮುಚ್ಚಯದಲ್ಲಿ ಇವೆಯೇ ಎಂದು ವಿಚಾರಿಸಿ, ನವೆಂಬರ್‌ನಲ್ಲಿ ರಾಜ್ಯೋತ್ಸವ ಆಚರಿಸುವ ಸಂಘವಿದ್ದರೆ ಮೊದಲ ವಾರವೇ ಪರಿಚಯ ಮಾಡಿಕೊಳ್ಳಿ. ಮನೆಗೆಲಸಕ್ಕೆ, ಮಗುವಿನ ಆರೈಕೆಗೆ ನಿಮ್ಮ ಕಡೆಯವರು ಸಿಕ್ಕರೆ ಹುಬ್ಬಳ್ಳಿಯ ಮಾತು ದಿನವೂ ಮಗುವಿನ ಕಿವಿಗೆ ಬೀಳುತ್ತದೆ.

ಪ್ರಶ್ನೆ: ಮಕ್ಕಳ ಓದಿಗಾಗಿ ಬೆಂಗಳೂರಿಗೆ ಬರುತ್ತಿದ್ದೇವೆ. ನಮಗೆ ಹಿಡಿಸಿದ ಬಡಾವಣೆಯಲ್ಲಿ ಬಾಡಿಗೆ ಹೆಚ್ಚು. ಒಂದಿಷ್ಟು ಹಣ ಕೈಯಲ್ಲಿರುವುದರಿಂದ ಮನೆಯನ್ನು ಭೋಗ್ಯಕ್ಕೆ (ತಿಂಗಳ ಬಾಡಿಗೆಯ ಬದಲು ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು, ಅವಧಿ ಮುಗಿದಾಗ ಅದನ್ನು ಹಿಂಪಡೆಯುವ ಕರಾರಿಗೆ) ಹಿಡಿಯಬಹುದೇ?
ಓದುಗರು, ಮಂಡ್ಯ

ಉತ್ತರ: ಹಿಡಿಯಬಹುದು, ಆದರೆ ಮೊದಲ ವರ್ಷ ಬೇಡ. ಭೋಗ್ಯಕ್ಕೆ ಹಣ ಕೊಟ್ಟ ಮೇಲೆ ಅವಧಿ ಮುಗಿಯುವ ತನಕ ಅದು ಮಾಲೀಕರ ಬಳಿ ಇರುತ್ತದೆ. ಬಡಾವಣೆ ಹೊಂದಲಿಲ್ಲವೆಂದು ನಡುವೆ ಎದ್ದುಬರುವುದು ಕಷ್ಟ. ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಅದೇ ಬಡಾವಣೆಯಲ್ಲಿ ಚಿಕ್ಕ ಮನೆ ಹಿಡಿದು, ಒಂದು ಮಳೆಗಾಲ ಒಂದು ಬೇಸಿಗೆ ಕಳೆದು ನೋಡಿ. ಮುಂಗಡವಾಗಿ ಹತ್ತು ತಿಂಗಳ ಬಾಡಿಗೆ ಕೇಳುವ ಹಳೆಯ ರೂಢಿ ಕೆಲವೆಡೆ ಇನ್ನೂ ಇದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಹೇಳುತ್ತದೆಯಾದರೂ ಅದು ರಾಜ್ಯಗಳಿಗೆ ಮಾದರಿ ಮಾತ್ರ. ಚೌಕಾಸಿ ಮಾಡುವಾಗ ನೆನಪಿಸಲು ಅಡ್ಡಿಯಿಲ್ಲ.

ಮುಂದೆ ಭೋಗ್ಯಕ್ಕೆ ಹೋಗುವುದೇ ಆದರೆ ಮನೆಯ ಋಣಭಾರ ಪತ್ರವನ್ನು (ಇ.ಸಿ.) ನೀವೇ ತೆಗೆಸಿ, ಬ್ಯಾಂಕಿಗೆ ಅಡವಾಗಿದೆಯೇ ಎಂದು ವಕೀಲರಿಗೆ ತೋರಿಸಿ. ಒಂದು ವರ್ಷ ಮೀರಿದ ಅವಧಿಯ ಕರಾರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು. ಬರೀ ಛಾಪಾ ಕಾಗದದ ಮೇಲೆ ಬರೆದುಕೊಡುತ್ತೇನೆ ಎಂದರೆ ಒಪ್ಪಬೇಡಿ. ಹಣವನ್ನು ಬ್ಯಾಂಕ್ ಮೂಲಕವೇ, ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೇ ಕಳುಹಿಸಿ. ನಡುವಿನವರು, ಅವರು ಕಂಪನಿಯ ಹೆಸರಿನಲ್ಲಿ ಬಂದರೂ, ತಮ್ಮ ಖಾತೆಗೆ ಹಾಕಿ ಎಂದರೆ ಆ ಮನೆಯನ್ನು ಅಲ್ಲಿಗೇ ಬಿಟ್ಟು ಬನ್ನಿ.