ಹಟ್ ವ್ಯಾಲಿಯಲ್ಲಿ ಮನೆ ಹುಡುಕುವ ಮೊದಲು

ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್‌ನಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಮಗುವನ್ನು ಕರೆದುಕೊಂಡು ಬರುತ್ತಿದ್ದೇನೆ, ಪಕ್ಕದ ಕಣಿವೆ ಹಟ್ ವ್ಯಾಲಿಯಲ್ಲಿ ಯಾವ ಏರಿಯಾ ಒಳ್ಳೆಯದು ಅಂತ ಕೇಳಿದ್ದೀರಿ. ಆರಾಮಾಗಿ ಬನ್ನಿ. ನಾವು ಇಲ್ಲಿ ನೆಲೆ ನಿಂತು ಬಹಳ ವರ್ಷಗಳಾದವು. ಆದರೆ ಏರಿಯಾ ಒಳ್ಳೆಯದಾ ಕೆಟ್ಟದ್ದಾ ಅನ್ನುವುದನ್ನು ಸ್ವಲ್ಪ ಬದಿಗಿಡಿ. ಅದನ್ನು ಯಾವಾಗ ಕಟ್ಟಿದರು, ಯಾಕೆ ಕಟ್ಟಿದರು ಅಂತ ಕೇಳಿ. ಮನೆ ಬೆಚ್ಚಗಿರುತ್ತದಾ, ರೈಲು ಹತ್ತಿರವಾ, ಕಾರು ಎಲ್ಲಿ ನಿಲ್ಲಿಸುವುದು, ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ನದಿಯ ವಿಷಯ. ಹಟ್ ನದಿಗೆ ಮಾವೋರಿ ಹೆಸರು ತೆ ಆವಾ ಕೈರಂಗಿ. ತೆ ಆತಿ ಆವಾ ಅನ್ನುವ ಮಾವೋರಿ ಬುಡಕಟ್ಟಿನ ಜನ ಇದ್ದ ಪಿಟೋನಿ ತೀರಕ್ಕೆ 1840ರ ಜನವರಿಯಲ್ಲಿ ನ್ಯೂಜಿಲೆಂಡ್ ಕಂಪನಿ ಅನ್ನುವ ಬ್ರಿಟಿಷ್ ಸಂಸ್ಥೆ ಕಳಿಸಿದ ವಲಸಿಗರು ಬಂದಿಳಿದರು. ನದಿ ಬಾಯಲ್ಲಿ ಊರು ಕಟ್ಟಲು ಹೊರಟರು. ಕೆಲವೇ ವಾರಗಳಲ್ಲಿ ನೆರೆ ಬಂತು. ಗಂಟುಮೂಟೆ ಕಟ್ಟಿಕೊಂಡು ಬಂದರಿನ ಆಚೆ ದಡಕ್ಕೆ ಹೋದರು. ಇವತ್ತಿನ ವೆಲ್ಲಿಂಗ್ಟನ್ ಅದೇ. ಅಂದರೆ ರಾಜಧಾನಿ ಮೊದಲು ಶುರುವಾಗಿದ್ದು ನೀವು ಮನೆ ಹುಡುಕುತ್ತಿರುವ ಕಡೆಯೇ! 1855ರ ಭೂಕಂಪ ತೀರವನ್ನು ಒಂದು ಮೀಟರಿಗೂ ಜಾಸ್ತಿ ಮೇಲೆತ್ತಿತು. ಹಾಗೆ ಎದ್ದ ನೆಲದಿಂದಾಗಿ ಸಮುದ್ರದ ಅಂಚಿನಲ್ಲಿ ರಸ್ತೆ, ರೈಲು ಹಾಕುವುದು ಸುಲಭವಾಯಿತು. 1874ರಲ್ಲಿ ರೈಲು ಕಣಿವೆಯ ಕೆಳಭಾಗದ ಊರಾದ ಲೋವರ್ ಹಟ್ ಮುಟ್ಟಿತು. ಪಿಟೋನಿಯಲ್ಲಿ ಮಾಂಸದ ಕಾರ್ಖಾನೆ, ಉಣ್ಣೆ ಗಿರಣಿ, ರೈಲ್ವೆ ವರ್ಕ್‌ಶಾಪ್ ಬಂದವು. ಅಲ್ಲಿನ ಇಕ್ಕಟ್ಟಾದ ಬೀದಿ, ಚಿಕ್ಕ ಮರದ ಮನೆಗಳು ಆ ಕೂಲಿಕಾರರ ಕಾಲದವು. ಈಗ ಅಲ್ಲೆಲ್ಲ ಕೆಫೆಗಳು, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.

ನಿಮ್ಮ ಬಜೆಟ್‌ಗೆ ಜಾಸ್ತಿ ಕಣ್ಣಿಗೆ ಬೀಳುವುದು ಎಪುನಿ, ನೈನೈ, ತೈತಾ. ಇವು ಸರ್ಕಾರ ಕಟ್ಟಿಸಿದ ಊರುಗಳು. ಅದಕ್ಕೆ ಮುಂಚೆ ಇಲ್ಲಿ ತರಕಾರಿ ತೋಟಗಳಿದ್ದವು, ಬೆಳೆಯುತ್ತಿದ್ದವರಲ್ಲಿ ಚೀನೀಯರು ತುಂಬಾ ಜನ. 1935ರಲ್ಲಿ ಮೊದಲ ಲೇಬರ್ ಸರ್ಕಾರ ಬಂತು, ಮುಂದೆ ಎರಡನೇ ಮಹಾಯುದ್ಧ ಮುಗಿದು ಸೈನಿಕರು ವಾಪಸ್ಸಾದರು, ತೋಟಗಳ ಮೇಲೆ ಸಾಲು ಸಾಲು ಸ್ಟೇಟ್ ಹೌಸ್, ಅಂದರೆ ಸರ್ಕಾರಿ ಬಾಡಿಗೆ ಮನೆಗಳು, ಎದ್ದವು. ಸೋವಿ ಕೆಲಸ ಅಂದುಕೊಳ್ಳಬೇಡಿ. ಗಟ್ಟಿ ರಿಮು ಮರ, ಹೆಂಚಿನ ಮಾಡು, ಹಿತ್ತಲು. ಪಕ್ಕಪಕ್ಕದ ಮನೆಗಳು ಒಂದೇ ಥರ ಕಾಣಬಾರದು ಅಂತ ನಕ್ಷೆ ಬದಲಿಸುತ್ತಿದ್ದರು. ಹಾಲ್‌ಗೆ ಬಿಸಿಲು ಬರಬೇಕು ಅನ್ನುವುದೂ ಲೆಕ್ಕದಲ್ಲಿತ್ತು. ಅಂದಹಾಗೆ ಇಲ್ಲಿ ಬಿಸಿಲು ಬರುವುದು ಉತ್ತರದಿಂದ. ವಾಸ್ತು ಮರೆತು ಉತ್ತರದ ಕಿಟಕಿ ಹುಡುಕಿ.

ಆದರೆ ಆ ಕಾಲದಲ್ಲಿ ಗೋಡೆಯೊಳಗೆ ಇನ್ಸುಲೇಶನ್, ಅಂದರೆ ಬಿಸಿ ಹೊರಗೆ ಹೋಗದಂತೆ ತಡೆಯುವ ಪದರ, ಹಾಕುತ್ತಿರಲಿಲ್ಲ. ಹೊಸ ಮನೆಗಳಿಗೆ ಅದು ಕಡ್ಡಾಯವಾಗಿದ್ದು 1978ರಲ್ಲಿ. ನಮ್ಮ ಮೊದಲ ಬಾಡಿಗೆ ಮನೆ ತೈತಾದ ಇಂಥದ್ದೇ. ಜುಲೈ ಇಲ್ಲಿ ಚಳಿಗಾಲ, ಬೆಳಿಗ್ಗೆ ಎದ್ದರೆ ಮಲಗುವ ಕೋಣೆಯ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಹಳೇ ಟವೆಲ್‌ನಿಂದ ಒರೆಸಿ ಬಕೆಟ್‌ಗೆ ಹಿಂಡುವುದೇ ದಿನದ ಮೊದಲ ಕೆಲಸ. ಬೀರು ಸರಿಸಿ ನೋಡಿದರೆ ಗೋಡೆಗೆ ಕಪ್ಪು ಬೂಷ್ಟು. ಚಿಕ್ಕ ಮಗು ಇರುವವರು ಇದನ್ನು ಸುಮ್ನೆ ಬಿಡಬೇಡಿ. ಮನೆ ನೋಡಲು ಹೋದಾಗ ಬೀರುವಿನ ಹಿಂದೆ ಕೈ ಹಾಕಿ ನೋಡಿ, ಮನೆಯವರು ಏನಂದುಕೊಂಡರೂ ಪರವಾಗಿಲ್ಲ.

ರೈಲಿನ ಕಥೆಯೂ ಹಾಗೇ. ಮೊದಲಿನ ಮುಖ್ಯ ಲೈನ್ ಕಣಿವೆಯ ಪಶ್ಚಿಮದಂಚಿನಲ್ಲಿ ಮೆಲ್ಲಿಂಗ್ ಮೂಲಕ ಹೋಗುತ್ತಿತ್ತು. ಜನವೆಲ್ಲ ಪೂರ್ವದ ಕಡೆ ಬಂದು ತುಂಬಿಕೊಂಡ ಮೇಲೆ, 1954ರಲ್ಲಿ ಮುಖ್ಯ ಲೈನೇ ವಾಟರ್‌ಲೂ, ನೈನೈ, ತೈತಾ ಕಡೆಗೆ ಬಂತು. ಮೆಲ್ಲಿಂಗ್‌ನಲ್ಲಿ ಹಳಿ ಹಾಗೇ ನಿಂತುಬಿಟ್ಟಿತು. ಅಲ್ಲಿ ಶನಿವಾರ, ಭಾನುವಾರ ರೈಲಿಲ್ಲ. ಕಾರು ಇಲ್ಲದವರಿಗೆ ವಾಟರ್‌ಲೂ ಹತ್ತಿರವೇ ವಾಸಿ. ಗುಡ್ಡದಾಚೆಯ ವೈನುಯೊಮಾತಾ ಸ್ವಲ್ಪ ಅಗ್ಗ, ಆದರೆ ಅಲ್ಲಿಗೆ ರೈಲೇ ಇಲ್ಲ, ಬಸ್ಸೇ ಗತಿ. ಪಶ್ಚಿಮದ ಮೌಂಗರಾಕಿಯಿಂದ ನೋಟ ಚೆನ್ನಾಗಿದೆ, ಗಾಳಿಯೂ ಅಷ್ಟೇ ಜೋರು.

ಈಗ ಹಳೇ ಮನೆ ಕೆಡವಿ ಅದೇ ಸೈಟಿನಲ್ಲಿ ನಾಲ್ಕೈದು ಟೌನ್‌ಹೌಸ್ ಎಬ್ಬಿಸುತ್ತಿದ್ದಾರೆ. ಬೆಚ್ಚಗಿರುತ್ತವೆ, ಡಬಲ್ ಗ್ಲಾಸ್ ಇರುತ್ತದೆ. ಕಾರಿಗೆ ಜಾಗ ಬಿಡಲೇಬೇಕು ಅನ್ನುವ ನಿಯಮವನ್ನು ಸರ್ಕಾರ 2020ರ ನೀತಿಯಲ್ಲಿ ತೆಗೆಸಿತು. ಹಾಗಾಗಿ ಸಂಜೆ ಆರರ ನಂತರ ಹೋಗಿ ಬೀದಿ ನೋಡಿ, ಗೊತ್ತಾಗುತ್ತದೆ.

ನೆರೆಯ ಭಯದ ಬಗ್ಗೆಯೂ ಕೇಳಿದ್ದೀರಿ. ನದಿಯ ಎರಡೂ ಕಡೆ ಏರಿ ಕಟ್ಟಿದ್ದಾರೆ, ಇಲ್ಲಿ ಸ್ಟಾಪ್‌ಬ್ಯಾಂಕ್ ಅನ್ನುತ್ತಾರೆ. ಸಂಜೆ ಅದರ ಮೇಲೆ ವಾಕಿಂಗ್ ಹೋಗಬಹುದು. ಬಾಡಿಗೆಗಿರುವವರು ಸಾಮಾನುಗಳಿಗೆ ಇನ್ಶೂರೆನ್ಸ್ ಮಾಡಿಸಿದರೆ ಸಾಕು. ಮುಂದೆ ಮನೆ ಕೊಳ್ಳುವುದಾದರೆ ಕೌನ್ಸಿಲ್‌ನಿಂದ ಲಿಮ್ ರಿಪೋರ್ಟ್ ತರಿಸಿ. ಆ ಜಾಗಕ್ಕೆ ನೆರೆ, ಭೂಕಂಪದ ಅಪಾಯ ಇದೆಯಾ ಅಂತ ಕೌನ್ಸಿಲ್‌ಗೆ ಗೊತ್ತಿರುವುದು ಅದರಲ್ಲಿ ಬರುತ್ತದೆ.

ಸಹಿ ಹಾಕುವ ಮೊದಲು ಬಾಡಿಗೆ ಒಪ್ಪಂದದಲ್ಲಿ ಹೆಲ್ದಿ ಹೋಮ್ಸ್ ಹೇಳಿಕೆ, ಅಂದರೆ ಬಾಡಿಗೆ ಮನೆಗೆ ಸರ್ಕಾರ ಇಟ್ಟಿರುವ ಮಟ್ಟದ ಬಗ್ಗೆ ಮಾಲೀಕರ ಹೇಳಿಕೆ, ಇದೆಯಾ ನೋಡಿ. 2025ರ ಜುಲೈ 1ರಿಂದ ಎಲ್ಲ ಬಾಡಿಗೆ ಮನೆಗಳೂ ಆ ಮಟ್ಟಕ್ಕೆ ಬರಲೇಬೇಕು. ಹಾಲನ್ನು ಕನಿಷ್ಠ 18 ಡಿಗ್ರಿಗೆ ಬಿಸಿ ಮಾಡಬಲ್ಲ ಹೀಟರ್ ಒಂದೇ ಕಡೆ ಖಾಯಂ ಆಗಿ ಕೂರಿಸಿರಬೇಕು, ಅಡುಗೆಮನೆ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಇರಬೇಕು. ಬಾಂಡ್, ಅಂದರೆ ಠೇವಣಿ, ಅಂತ ನಾಲ್ಕು ವಾರದ ಬಾಡಿಗೆಗಿಂತ ಜಾಸ್ತಿ ಕೇಳಿದರೆ ಕೊಡಬೇಡಿ (ನಾಯಿ, ಬೆಕ್ಕು ಸಾಕುವವರ ಲೆಕ್ಕ ಬೇರೆ).